ನಿಮಗಿದು ಗೊತ್ತೆ? ಬೆಳಗಿನ ಮೀಟಿಂಗ್ ಮಧ್ಯಾಹ್ನಕ್ಕೆ ಜಾರುವುದೇಕೆ

ಒಂದು ಕ್ಯಾಲೆಂಡರ್ ಆ್ಯಪ್‌ನಲ್ಲಿ ಬೆಳಿಗ್ಗೆ 10ಕ್ಕೆ ಗುರುತು ಹಾಕಿದ ಮೀಟಿಂಗ್, ಇನ್ನೊಂದು ಆ್ಯಪ್‌ನಲ್ಲಿ ಮಧ್ಯಾಹ್ನ 3.30 ಎಂದು ಕಾಣಿಸಿದರೆ ಒಂದೇ ಒಂದು ಅಕ್ಷರ ಅದಕ್ಕೆ ಕಾರಣವಾಗಿರಬಹುದು. ಆ್ಯಪ್‌ಗಳು ಮಾಹಿತಿ ಹಂಚಿಕೊಳ್ಳುವುದು ಸಾಮಾನ್ಯವಾಗಿ 1998ರಲ್ಲಿ ರೂಪುಗೊಂಡ ‘ಐಕ್ಯಾಲೆಂಡರ್’ ಮಾದರಿಯಲ್ಲಿ. ಅಲ್ಲಿ ವೇಳೆಯ ಕೊನೆಗೆ ‘ಝಡ್’ ಇದ್ದರೆ ಅದು ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯ ಎಂದರ್ಥ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ ವೇಳೆಗೇ ಝಡ್ ಅಂಟಿಕೊಂಡರೆ, ಓದುವ ಆ್ಯಪ್ ಐದೂವರೆ ಗಂಟೆ ಕೂಡಿಸಿಬಿಡುತ್ತದೆ.

ಹುಟ್ಟುಹಬ್ಬಗಳ ಪಾಡು ಇನ್ನೂ ಬೇಸರದ್ದು. ಬರೀ ದಿನಾಂಕ ಸಾಕಿದ್ದಲ್ಲಿ ‘ಯುಟಿಸಿ ಮಧ್ಯರಾತ್ರಿ’ ಎಂದು ದಾಖಲಾದರೆ, ಯುಟಿಸಿಗಿಂತ ಹಿಂದಿರುವ ಕ್ಯಾಲಿಫೋರ್ನಿಯಾದ ಫೋನಿನಲ್ಲಿ ಹಬ್ಬ ಹಿಂದಿನ ದಿನವೇ ಶುರು!

ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಅಮೆರಿಕದ ‘ಬೇಸಿಗೆ ಸಮಯ’ದ್ದು ಬೇರೆಯೇ ಕಥೆ. ಕ್ಯಾಲಿಫೋರ್ನಿಯಾದ ಬೆಳಗಿನ 8 ಗಂಟೆ ಚಳಿಗಾಲದಲ್ಲಿ ಬೆಂಗಳೂರಿನ ರಾತ್ರಿ 9.30; ಮಾರ್ಚ್‌ನ ಎರಡನೇ ಭಾನುವಾರದಿಂದ 8.30. ಆದ್ದರಿಂದ ಅಲ್ಲಿರುವವರ ಜೊತೆ ವಾರವಾರದ ಕರೆ ನಿಗದಿ ಮಾಡುವಾಗ ಸಮಯ ವಲಯವನ್ನು ‘ಲಾಸ್ ಏಂಜಲೀಸ್’ ಎಂದು ಊರಿನ ಹೆಸರಿನಲ್ಲೇ ಆರಿಸಿ. ಯುಟಿಸಿಗೆ ಎಂಟು ಗಂಟೆ ಹಿಂದೆ ಎಂದಷ್ಟೇ ಕೊಟ್ಟರೆ, ಮಾರ್ಚ್‌ನಲ್ಲಿ ಅವರ ಗಡಿಯಾರ ಬದಲಾದಾಗ ಕರೆ ಒಂದು ಗಂಟೆ ತಪ್ಪುತ್ತದೆ.