ಬೆಳೆ ರಕ್ಷಣೆಯ ಕೋವಿಗೆ ಪರವಾನಗಿ: ಅರ್ಜಿಗೆ ಮೊದಲು ಗುರುತಿನ ಕಾಗದಗಳನ್ನು ಸರಿಪಡಿಸಿಕೊಳ್ಳಿ

ಕಾಡಿನ ಅಂಚಿನ ಗದ್ದೆ ತೋಟಗಳಲ್ಲಿ ಕಾಡುಹಂದಿಯ ಕಾಟ ಎಷ್ಟೆಂಬುದು ಬೇಸಾಯಗಾರರಾದ ನಿಮಗೆ ತಿಳಿದೇ ಇದೆ. ತೆನೆ ಕಟ್ಟಿದ ಬತ್ತ, ಬಲಿತ ಗೆಣಸು ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತವೆ. ಇಂಥ ಕಡೆ ಅನೇಕ ರೈತರು ಕೋವಿಯ ಪರವಾನಗಿಗೆ ಅರ್ಜಿ ಹಾಕುತ್ತಾರೆ. ಕಾಗದಗಳಲ್ಲಿ ಹೆಸರು, ವಿಳಾಸ ಹೊಂದದಿದ್ದರೆ ಅರ್ಜಿ ಕಚೇರಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಅರ್ಜಿಗೆ ಮೊದಲು ಮಾಡಬೇಕಾದ ಕೆಲಸವನ್ನು ಇಲ್ಲಿ ತಿಳಿಸಿದೆ.

ಯಾವ ಕೋವಿ?

1959ರ ಆಯುಧ ಕಾಯಿದೆಯ 13ನೆಯ ಕಲಮು ಬೆಳೆ ರಕ್ಷಣೆಯ ಮಾತನ್ನು ನೇರವಾಗಿಯೇ ಹೇಳಿದೆ. ನಿಜವಾಗಿ ಬೆಳೆ ಕಾಯಲು ಬೇಕಾದವರಿಗೆ ಮದ್ದು ತುಂಬುವ ಕೋವಿ, ಅಂದರೆ ನಮ್ಮ ಕಡೆಯ ಕೇಪಿನ ಕೋವಿಗೆ ಪರವಾನಗಿ ಕೊಡಬಹುದು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ತೋಟಾ ಕೋವಿಗೂ ಅವಕಾಶವಿದೆ. ಪಿಸ್ತೂಲು, ರಿವಾಲ್ವರ್‌ಗಳು ಈ ಬಗೆಗೆ ಸೇರುವುದಿಲ್ಲ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಹೆಚ್ಚು ಆಸ್ತಿ ಇಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ. ಸಣ್ಣ ಹಿಡುವಳಿದಾರರು ಇದನ್ನು ನೆನಪಿಡಬೇಕು.

ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಗೊತ್ತುಪಡಿಸಿದ ಕೋವಿಗಳ ಮಟ್ಟಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು.

ಗುರುತಿನ ಕಾಗದಗಳು

2016ರ ಆಯುಧ ನಿಯಮಗಳಂತೆ ಎ-1 ನಮೂನೆಯಲ್ಲಿ ಅರ್ಜಿ ಸಲ್ಲಿಸಬೇಕು. ಗುರುತಿಗೆ ಆಧಾರ್ ಕಾರ್ಡು ಮುಖ್ಯ. ಅದಿಲ್ಲದವರು ಪ್ರಮಾಣಪತ್ರದೊಡನೆ ಮತದಾರರ ಗುರುತಿನ ಚೀಟಿ, ಪ್ಯಾನ್ ಕಾರ್ಡು ಅಥವಾ ಪಾಸ್‌ಪೋರ್ಟ್ ಕೊಡಬಹುದು. ಡ್ರೈವಿಂಗ್ ಲೈಸೆನ್ಸಿನಲ್ಲಿಯೂ ಹೆಸರು, ಹುಟ್ಟಿದ ತಾರೀಖು, ವಿಳಾಸ, ಭಾವಚಿತ್ರಗಳಿವೆ. ಆದರೂ ಅದೊಂದನ್ನೇ ನೆಚ್ಚಿ ಹೋಗಬೇಡಿ. ಅದರ ವಿವರಗಳು ಮಿಕ್ಕ ಕಾಗದಗಳಿಗೆ ಹೊಂದುವಂತೆ ಮಾತ್ರ ನೋಡಿಕೊಳ್ಳಿ.

ಎಲ್ಲ ಕಾಗದಗಳನ್ನೂ ಒಟ್ಟಿಗೆ ಹರಡಿಕೊಂಡು ಕೆಳಗಿನ ಅಂಶಗಳನ್ನು ಪರೀಕ್ಷಿಸಿ:

1. ಹೆಸರು: ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ, ಲೈಸೆನ್ಸಿನಲ್ಲಿ ಒಂದೇ ಅಕ್ಷರ, ಪಹಣಿಯಲ್ಲಿ ಮನೆತನದ ಹೆಸರು, ಹೀಗಿದ್ದರೆ ಒಂದೇ ರೀತಿ ಮಾಡಿಸಿ.

2. ಹುಟ್ಟಿದ ತಾರೀಖು: ಶಾಲಾ ದಾಖಲೆಗೂ ಆಧಾರ್‌ಗೂ ವ್ಯತ್ಯಾಸವಿರಬಾರದು.

3. ವಿಳಾಸ: ನೀವು ಈಗ ವಾಸಿಸುವ ಊರಿನದೇ ಇರಬೇಕು. ಲೈಸೆನ್ಸಿನಲ್ಲಿ ಹಳೆಯ ವಿಳಾಸವಿದ್ದರೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಬದಲಾಯಿಸಿ.

4. ಜಮೀನು: ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ. ಕಾಯಬೇಕಾದ ಬೆಳೆ ನಿಮ್ಮದೆಂದು ತೋರಿಸಲು ಇದು ಬೇಕು.

ಇವುಗಳ ಜೊತೆಗೆ ಭಾವಚಿತ್ರಗಳು, ವೈದ್ಯರ ಪತ್ರ ಮತ್ತು ಕೋವಿಯನ್ನು ಭದ್ರವಾಗಿಡುವೆನೆಂಬ ಮುಚ್ಚಳಿಕೆ ಬೇಕು. ನಿಮ್ಮ ಮೇಲೆ ಮೊಕದ್ದಮೆ ಇದ್ದರೆ ಮರೆಮಾಚಬೇಡಿ. ಮಾಹಿತಿ ಮುಚ್ಚಿಟ್ಟು ಪಡೆದ ಪರವಾನಗಿಯನ್ನು ಮುಂದೆ ರದ್ದುಪಡಿಸಬಹುದು.

ಅರ್ಜಿ ಸಲ್ಲಿಸಿದ ಮೇಲೆ

ಜಿಲ್ಲಾಧಿಕಾರಿಗಳು ಸಮೀಪದ ಪೊಲೀಸ್ ಠಾಣೆಯಿಂದ ವರದಿ ತರಿಸುತ್ತಾರೆ. ನಿಮ್ಮ ಜಮೀನು ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ಇದ್ದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯಿಲ್ಲದೆ ಹೊಸ ಪರವಾನಗಿ ಕೊಡುವಂತಿಲ್ಲ. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ, ಮೇಲ್ಮನವಿಗೆ ಅವಕಾಶವಿದೆ.

2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ. ಅವಧಿ ಮುಗಿಯುವ ಮುನ್ನವೇ ನವೀಕರಣಕ್ಕೆ ಅರ್ಜಿ ಕೊಡಿ.

ಪರವಾನಗಿ ಕೋವಿಗೆ, ಬೇಟೆಗಲ್ಲ

ಇದು ಬಹು ಮುಖ್ಯ ಸಂಗತಿ. ಪರವಾನಗಿಯಿಂದ ಕೋವಿ ಇಟ್ಟುಕೊಳ್ಳುವ ಹಕ್ಕು ಬರುತ್ತದೆಯೇ ಹೊರತು ಪ್ರಾಣಿ ಕೊಲ್ಲುವ ಹಕ್ಕು ಬರುವುದಿಲ್ಲ. ಕಾಡುಹಂದಿ ಈಗ ವನ್ಯಜೀವಿ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯವೆಂದು ಕಂಡುಬಂದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಬರಹದ ಅಪ್ಪಣೆ ಕೊಟ್ಟರೆ ಮಾತ್ರ ಅದನ್ನು ಹೊಡೆಯಬಹುದು. ಆನೆ, ಕಾಟಿ, ನವಿಲು ಮೊದಲ ಅನುಸೂಚಿಯಲ್ಲಿವೆ. ಬೆಳೆ ತಿಂದವೆಂಬ ಕಾರಣಕ್ಕೆ ಅವನ್ನು ಹೊಡೆಯಲು ಅಪ್ಪಣೆಯೇ ಸಿಗದು. ಬೆಳೆ ಹಾನಿಯಾದಾಗ ತಡಮಾಡದೆ ಅರಣ್ಯ ಇಲಾಖೆಗೆ ದೂರು ಕೊಟ್ಟು ಪರಿಹಾರ ಕೇಳಿ. ಅಲ್ಲಿಯೂ ಇದೇ ಪಹಣಿ, ಇದೇ ಆಧಾರ್ ನೆರವಿಗೆ ಬರುತ್ತವೆ.

ಎಚ್ಚರಿಕೆ

ಪರವಾನಗಿ ಇರುವುದು ನಿಮ್ಮೊಬ್ಬರ ಹೆಸರಿನಲ್ಲಿ. ತಂದೆಯ ಕಾಲಾನಂತರ ಅವರ ಕೋವಿಯನ್ನು ಅಟ್ಟದ ಮೇಲೆ ಸುಮ್ಮನೆ ಇಟ್ಟುಕೊಂಡರೂ ಅಪರಾಧವಾಗುತ್ತದೆ. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಲು ನಿಯಮದಲ್ಲಿ ಅವಕಾಶವಿದೆ. ಅಲ್ಲಿಯವರೆಗೆ ಕೋವಿಯನ್ನು ಠಾಣೆಗೆ ಒಪ್ಪಿಸಿ ರಶೀದಿ ಪಡೆಯಿರಿ. ಚುನಾವಣೆಯ ಕಾಲದಲ್ಲಿ ಠೇವಣಿ ಇಡಲು ಆದೇಶ ಬಂದಾಗಲೂ ರಶೀದಿ ಕೇಳಲು ಮರೆಯಬೇಡಿ. ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಮದ್ದು ತುಂಬಿದ ಕೋವಿಯನ್ನು ಎಂದೂ ಮನೆಯೊಳಗೆ ಇಡಬೇಡಿ. ಕೋವಿ, ಮದ್ದುಗಳನ್ನು ಬೇರೆ ಬೇರೆಯಾಗಿ ಬೀಗದೊಳಗೆ ಮಕ್ಕಳ ಕೈಗೆ ಸಿಗದಂತೆ ಇಡಿ. ಬೆಳೆ ಹೋದರೆ ಮುಂದಿನ ವರ್ಷ ಬೆಳೆಯಬಹುದು. ಹೋದ ಜೀವ ಮರಳಿ ಬಾರದು.