ಹೋರಿಯಾತಿಕಿ: ಒಲೆ ಹಚ್ಚದೆ ಮಾಡುವ ಗ್ರೀಕ್ ಹಳ್ಳಿಯ ಸಲಾಡ್

ಹೆಸರು ಕೇಳಿ ನಗಬೇಡಿ ಮಕ್ಕಳೇ! ‘ಹೋರಿಯಾತಿಕಿ’ಗೂ ನಮ್ಮ ಹೋರಿಗೂ ಯಾವ ಸಂಬಂಧವೂ ಇಲ್ಲ. ಗ್ರೀಕ್ ಭಾಷೆಯಲ್ಲಿ ‘ಹೋರ್ಯೋ’ ಎಂದರೆ ಹಳ್ಳಿ. ‘ಹೋರಿಯಾತಿಕಿ’ ಎಂದರೆ ಹಳ್ಳಿಯ ರೀತಿಯದು. ಬೇರೆ ದೇಶಗಳ ಹೋಟೆಲುಗಳಲ್ಲಿ ‘ಗ್ರೀಕ್ ಸಲಾಡ್’ ಎಂದು ಬಡಿಸುವುದಕ್ಕೆ ಗ್ರೀಸ್‌ನವರ ಮನೆಯಲ್ಲಿ ಇರುವ ಹೆಸರು ಇದು. ಟೊಮೆಟೊ, ಸೌತೆಕಾಯಿ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಆಲಿವ್ ಕಾಯಿ, ಮೇಲೊಂದು ಚೀಸ್ ತುಂಡು, ಅದರ ಮೇಲೆ ಆಲಿವ್ ಎಣ್ಣೆ. ಇಷ್ಟೇ! ಒಲೆ ಹಚ್ಚಬೇಕಿಲ್ಲ, ಒಗ್ಗರಣೆಯೂ ಬೇಕಿಲ್ಲ.

ಒಲೆ ಇಲ್ಲದ ಅಡುಗೆ ಎಂದ ಮೇಲೆ ಮಕ್ಕಳು ಧೈರ್ಯವಾಗಿ ಕೈಹಾಕಬಹುದು. ಆದರೆ ಇದರಲ್ಲಿ ಒಂದು ಗುಟ್ಟಿದೆ: ಉಪ್ಪನ್ನು ಯಾವಾಗ ಹಾಕಬೇಕು, ಎಷ್ಟು ಹಾಕಬೇಕು ಎಂಬುದು. ಕೋಸಂಬರಿ ಮಾಡಿ ಪಳಗಿದ ಅಜ್ಜಿಯರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಆದ್ದರಿಂದ ಈ ಭಾನುವಾರ ಅಜ್ಜಿ-ತಾತ, ಮೊಮ್ಮಕ್ಕಳು ಸೇರಿಯೇ ಮಾಡಿ ನೋಡಿ.

ಸಮುದ್ರದ ಸುತ್ತಲಿನ ಊಟ

ಭೂಪಟ ತೆರೆದು ಮೆಡಿಟರೇನಿಯನ್ ಸಮುದ್ರವನ್ನು ಹುಡುಕಿ. ಅದರ ಒಂದು ದಡದಲ್ಲಿ ಯುರೋಪ್, ಇನ್ನೊಂದು ದಡದಲ್ಲಿ ಆಫ್ರಿಕಾ, ಮೂಡಣಕ್ಕೆ ಏಷ್ಯಾ. ಇಲ್ಲಿನ ಹವೆ ನಮ್ಮದಕ್ಕೆ ತಿರುಗುಮುರುಗು. ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣಬಿಸಿಲು. ಆ ಬಿಸಿಲಿಗೆ ಟೊಮೆಟೊ ಚೆನ್ನಾಗಿ ಹಣ್ಣಾಗುತ್ತದೆ. ಬಿಸಿಬಿಸಿ ಊಟ ಬೇಡವೆನಿಸುವ ಆ ದಿನಗಳಲ್ಲಿ ಹೋರಿಯಾತಿಕಿ ಊಟದ ಮೇಜಿಗೆ ಬರುತ್ತದೆ.

ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ 1958ರಲ್ಲಿ ಏಳು ದೇಶಗಳ ಜನರ ಊಟ ಮತ್ತು ಹೃದಯದ ಆರೋಗ್ಯವನ್ನು ಹೋಲಿಸುವ ದೊಡ್ಡ ಅಧ್ಯಯನ ಆರಂಭಿಸಿದರು. ಗ್ರೀಸ್‌ನ ಕ್ರೀಟ್ ದ್ವೀಪದ ಹಳ್ಳಿಗರಲ್ಲಿ ಹೃದಯದ ಕಾಯಿಲೆ ಬಹಳ ಕಡಿಮೆ ಎಂಬುದು ಅದರಲ್ಲಿ ಕಂಡುಬಂತು. ಅಲ್ಲಿಂದ ಮುಂದೆ ಈ ಭಾಗದ ಊಟದ ಹೆಸರು ಜಗತ್ತಿಗೆಲ್ಲ ಹಬ್ಬಿತು. 2010ರಲ್ಲಿ ಯುನೆಸ್ಕೊ ಮೆಡಿಟರೇನಿಯನ್ ಆಹಾರ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೂ ಸೇರಿಸಿತು.

ಒಂದು ಮಾತು ನೆನಪಿರಲಿ. ಆ ಹಳ್ಳಿಗರು ತಿನ್ನುತ್ತಿದ್ದುದು ಸಲಾಡ್ ಒಂದನ್ನೇ ಅಲ್ಲ. ಕಾಳು, ಸೊಪ್ಪು, ಹಣ್ಣು, ಒರಟು ರೊಟ್ಟಿ ಅವರ ದಿನದ ಊಟ. ಮಾಂಸ ಅಪರೂಪ. ಜೊತೆಗೆ ಹೊಲದಲ್ಲಿ ಮೈಮುರಿದು ದುಡಿಯುತ್ತಿದ್ದರು. ಸಲಾಡ್ ಮದ್ದಲ್ಲ, ಒಳ್ಳೆಯ ಊಟದ ಒಂದು ಭಾಗ.

ಒಂದೇ ತಟ್ಟೆಗೆ ಎಷ್ಟು ದೂರದಿಂದ!

ಪ್ರಾಚೀನ ಗ್ರೀಸ್‌ನ ಸಾಕ್ರಟೀಸ್ ಈ ಸಲಾಡ್ ತಿಂದಿರಬಹುದೇ? ಸಾಧ್ಯವೇ ಇಲ್ಲ. ಅವನು ಟೊಮೆಟೊ ನೋಡಿಯೇ ಇರಲಿಲ್ಲ! ಟೊಮೆಟೊ, ದೊಣ್ಣೆ ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಕೊಲಂಬಸ್‌ನ ಕಾಲದ ನಂತರವೇ ಅವು ಯುರೋಪಿಗೂ ಭಾರತಕ್ಕೂ ಬಂದವು. ಸೌತೆಕಾಯಿಯ ಕಥೆ ಇನ್ನೂ ಚೆನ್ನ. ಅದರ ತವರು ನಮ್ಮ ಭಾರತ. ಇಲ್ಲಿಂದಲೇ ಅದು ಪಶ್ಚಿಮದ ಕಡೆಗೆ ಹೊರಟಿತು.

ಅಲ್ಲಿಯದೇ ಆದದ್ದು ಆಲಿವ್ ಮರ. ಅದರ ಬಗ್ಗೆ ಗ್ರೀಕರಲ್ಲಿ ಒಂದು ಪುರಾಣ ಕಥೆಯಿದೆ. ಒಂದು ನಗರ ಯಾರದಾಗಬೇಕೆಂದು ಸಮುದ್ರದೇವ ಪೊಸೈಡನ್‌ಗೂ ಜ್ಞಾನದೇವತೆ ಅಥೀನಾಗೂ ಸ್ಪರ್ಧೆ ನಡೆಯಿತು. ಪೊಸೈಡನ್ ತ್ರಿಶೂಲದಿಂದ ಬಂಡೆಗೆ ಹೊಡೆದಾಗ ಉಪ್ಪುನೀರಿನ ಬುಗ್ಗೆ ಚಿಮ್ಮಿತು. ಅಥೀನಾ ಒಂದು ಆಲಿವ್ ಮರ ಕೊಟ್ಟಳು. ಕುಡಿಯಲಾಗದ ನೀರಿಗಿಂತ ಕಾಯಿ, ಎಣ್ಣೆ, ನೆರಳು ಕೊಡುವ ಮರವೇ ಮೇಲು ಎಂದು ತೀರ್ಮಾನವಾಯಿತು. ಆ ನಗರವೇ ಅಥೆನ್ಸ್!

ಆಲಿವ್ ಕಾಯಿಯನ್ನು ಮರದಿಂದ ಕಿತ್ತು ಬಾಯಿಗೆ ಹಾಕಿದರೆ ವಿಪರೀತ ಕಹಿ. ನಾವು ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವಂತೆ ಅವರು ಆಲಿವ್ ಕಾಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಇಟ್ಟು ಕಹಿ ಬಿಡಿಸುತ್ತಾರೆ.

ಸಲಾಡಿನ ಮೇಲಿಡುವ ಬಿಳಿ ಚೀಸ್‌ಗೆ ‘ಫೆಟಾ’ ಎಂದು ಹೆಸರು. ಕುರಿಯ ಹಾಲಿನಿಂದ, ಕೆಲವೊಮ್ಮೆ ಅದಕ್ಕೆ ಸ್ವಲ್ಪ ಆಡಿನ ಹಾಲು ಬೆರೆಸಿ ಮಾಡುತ್ತಾರೆ. ಅದನ್ನೂ ಎರಡು ತಿಂಗಳಾದರೂ ಉಪ್ಪುನೀರಿನಲ್ಲಿ ಮಾಗಿಸಬೇಕು. ಕುರಿಹಾಲಿನ ಚೀಸ್ ಗ್ರೀಕರಿಗೆ ಎಷ್ಟು ಹಳೆಯದೆಂದರೆ, ‘ಒಡಿಸ್ಸಿ’ ಮಹಾಕಾವ್ಯದ ಒಕ್ಕಣ್ಣ ರಾಕ್ಷಸ ಕೂಡ ತನ್ನ ಗುಹೆಯಲ್ಲಿ ಹಾಲು ಹೆಪ್ಪುಗಟ್ಟಿಸಿ ಬುಟ್ಟಿಗಳಲ್ಲಿ ಇಡುತ್ತಾನೆ! ನಂಜನಗೂಡು ರಸಬಾಳೆಗೆ, ಮೈಸೂರು ಮಲ್ಲಿಗೆಗೆ ಊರಿನ ಹೆಸರಿನ ರಕ್ಷಣೆ ಇರುವಂತೆ, 2002ರಲ್ಲಿ ಯುರೋಪಿಯನ್ ಒಕ್ಕೂಟ ‘ಫೆಟಾ’ ಎಂಬ ಹೆಸರನ್ನು ಗ್ರೀಸ್‌ಗೆ ಮೀಸಲಿಟ್ಟಿತು.

ಬೇಕಾಗುವ ಸಾಮಾನು (ನಾಲ್ಕು ಜನರಿಗೆ)

ಚೆನ್ನಾಗಿ ಹಣ್ಣಾದ, ಆದರೆ ಗಟ್ಟಿ ಇರುವ ಟೊಮೆಟೊ – 4
ಎಳೆ ಸೌತೆಕಾಯಿ – 2
ಹಸಿರು ದೊಣ್ಣೆ ಮೆಣಸಿನಕಾಯಿ – 1
ಈರುಳ್ಳಿ – 1, ಚಿಕ್ಕದು
ಆಲಿವ್ ಕಾಯಿ – 10ರಿಂದ 12
ಫೆಟಾ ಅಥವಾ ಪನೀರ್ – 150 ಗ್ರಾಂ
ಆಲಿವ್ ಎಣ್ಣೆ – 3 ದೊಡ್ಡ ಚಮಚ
ಒಣಗಿದ ಒರೆಗಾನೊ – ಅರ್ಧ ಚಿಕ್ಕ ಚಮಚ
ಉಪ್ಪು – ಒಂದು ಚಿಟಿಕೆ

ಎಲ್ಲವೂ ನಮ್ಮ ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಚಿಂತೆ ಬೇಡ. ಫೆಟಾ ಬದಲು ಪನೀರನ್ನು ಒಂದು ಗಂಟೆ ತೆಳು ಉಪ್ಪುನೀರಿನಲ್ಲಿ ನೆನೆಸಿ, ನಾಲ್ಕು ಹನಿ ನಿಂಬೆರಸ ಸವರಿ. ಫೆಟಾದ ರುಚಿ ಬಾರದು, ಆದರೆ ತಿನ್ನಲು ಚೆನ್ನಾಗಿರುತ್ತದೆ. ಸಾಂಪ್ರದಾಯಿಕ ಫೆಟಾಕ್ಕೆ ಹಾಲು ಒಡೆಸಲು ಮರಿಗಳ ಹೊಟ್ಟೆಯಿಂದ ತೆಗೆದ ‘ರೆನೆಟ್’ ಬಳಸುವುದುಂಟು. ಹಾಗಾಗಿ ಸಸ್ಯಾಹಾರಿಗಳು ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿಯೇ ಕೊಳ್ಳಿ.

ಒರೆಗಾನೊ ಇಲ್ಲವೇ? ಹಿತ್ತಲಿನ ದೊಡ್ಡಪತ್ರೆಯ ಒಂದು ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಿ. ಒರೆಗಾನೊ, ದೊಡ್ಡಪತ್ರೆ, ತುಳಸಿ, ಪುದೀನ ಎಲ್ಲವೂ ಒಂದೇ ಸಸ್ಯ ಕುಟುಂಬದವು. ಮೊದಲೆರಡರ ಪರಿಮಳವಂತೂ ಅಕ್ಕತಂಗಿಯರಂತೆ. ಆಲಿವ್ ಎಣ್ಣೆ ದುಬಾರಿ ಎನಿಸಿದರೆ ಗಾಣದ ಕಡಲೆಕಾಯಿ ಎಣ್ಣೆ ಹಾಕಬಹುದು, ರುಚಿ ಬೇರೆಯಾಗುತ್ತದೆ ಅಷ್ಟೆ.

ಮಾಡುವ ಕ್ರಮ

1. ತರಕಾರಿಗಳನ್ನು ಇಡಿಯಾಗಿರುವಾಗಲೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು, ಬಟ್ಟೆಯಿಂದ ಒರೆಸಿ. ಹಸಿಯಾಗಿ ತಿನ್ನುವುದರಿಂದ ಇದರಲ್ಲಿ ಅವಸರ ಬೇಡ. ಕೈ, ಚಾಕು, ಮಣೆಯೂ ಶುಚಿಯಾಗಿರಲಿ.

2. ಈರುಳ್ಳಿಯನ್ನು ತೆಳುವಾದ ಬಿಲ್ಲೆ ಮಾಡಿ, ಹತ್ತು ನಿಮಿಷ ತಣ್ಣೀರಿನಲ್ಲಿ ಹಾಕಿಡಿ. ಘಾಟು ಕಡಿಮೆಯಾಗುತ್ತದೆ. ಈ ಕೆಲಸ ಅಜ್ಜಿಗೇ ಇರಲಿ!

3. ಸೌತೆಕಾಯಿಯ ಎರಡೂ ತುದಿ ಕತ್ತರಿಸಿ, ಒಂದು ಚೂರು ತಿಂದು ನೋಡಿ. ಕಹಿಯಾಗಿದ್ದರೆ ಆ ಕಾಯಿ ಬೇಡ. ಚೆನ್ನಾಗಿದ್ದರೆ ದಪ್ಪ ಬಿಲ್ಲೆ ಮಾಡಿ.

4. ಟೊಮೆಟೊವನ್ನು ದೊಡ್ಡ ದೊಡ್ಡ ಹೋಳು ಮಾಡಿ. ಮಣೆಯ ಮೇಲೆ ಸೋರಿದ ರಸವನ್ನು ಚೆಲ್ಲಬೇಡಿ, ಬಟ್ಟಲಿಗೇ ಸುರಿಯಿರಿ. ಮೆಣಸಿನಕಾಯಿಯ ಬೀಜ ತೆಗೆದು ಬಳೆಯಂತೆ ಹೆಚ್ಚಿ. ಚಾಕು ಹಿಡಿಯುವ ಮಕ್ಕಳ ಪಕ್ಕದಲ್ಲಿ ದೊಡ್ಡವರು ಇರಬೇಕು. ತರಕಾರಿ ಹಿಡಿದ ಕೈಯ ಬೆರಳ ತುದಿಗಳನ್ನು ಒಳಕ್ಕೆ ಮಡಚಿಕೊಳ್ಳಿ.

5. ಎಲ್ಲವನ್ನೂ ಅಗಲ ಬಟ್ಟಲಿಗೆ ಹಾಕಿ, ಆಲಿವ್ ಕಾಯಿ ಸೇರಿಸಿ. ಊಟಕ್ಕೆ ಎಲ್ಲರೂ ಬಂದು ಕುಳಿತ ಮೇಲೆ ಚಿಟಿಕೆ ಉಪ್ಪು ಉದುರಿಸಿ ಒಮ್ಮೆ ಕಲಸಿ.

6. ಚೀಸ್ ಅಥವಾ ಪನೀರನ್ನು ಪುಡಿ ಮಾಡದೆ ಇಡೀ ತುಂಡನ್ನೇ ಮೇಲಿಡಿ. ಒರೆಗಾನೊ ಉದುರಿಸಿ, ಎಣ್ಣೆ ಸುರಿಯಿರಿ. ತಿನ್ನುವಾಗ ಅವರವರೇ ಚೀಸ್ ಮುರಿದುಕೊಳ್ಳಲಿ.

ಉಪ್ಪು ಕೊನೆಗೇ ಏಕೆ?

ಇಲ್ಲೊಂದು ಪುಟ್ಟ ಪ್ರಯೋಗ. ಎರಡು ಬಟ್ಟಲುಗಳಲ್ಲಿ ಐದೈದು ಸೌತೆಕಾಯಿ ಬಿಲ್ಲೆ ಇಡಿ. ಒಂದಕ್ಕೆ ಅರ್ಧ ಚಮಚ ಉಪ್ಪು ಸವರಿ, ಇನ್ನೊಂದನ್ನು ಹಾಗೆಯೇ ಬಿಡಿ. ಹದಿನೈದು ನಿಮಿಷದ ನಂತರ ನೋಡಿ. ಉಪ್ಪು ಹಾಕಿದ ಬಟ್ಟಲಿನಲ್ಲಿ ನೀರು ನಿಂತಿರುತ್ತದೆ, ಬಿಲ್ಲೆಗಳು ಬಾಡಿರುತ್ತವೆ. ಸೌತೆಕಾಯಿಯ ಜೀವಕೋಶಗಳ ಒಳಗಿಗಿಂತ ಹೊರಗೆ ಉಪ್ಪು ಹೆಚ್ಚಾದಾಗ ಒಳಗಿನ ನೀರು ಹೊರಗೆ ಬರುತ್ತದೆ. ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ‘ಅಭಿಸರಣ’ ಎಂದು ಹೆಸರು. ರಾಮನವಮಿಯ ಕೋಸಂಬರಿಗೆ ಬಡಿಸುವ ಹೊತ್ತಿಗೇ ಉಪ್ಪು ಬೆರೆಸುವ ಅಜ್ಜಿ ಈ ಹೆಸರನ್ನು ಕೇಳದಿರಬಹುದು, ಆದರೆ ವಿಷಯ ತಿಳಿಯದವರಲ್ಲ.

ಎಣ್ಣೆಗೂ ಒಂದು ಕೆಲಸವಿದೆ. ಟೊಮೆಟೊದ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೊಪೀನ್ ಕೊಬ್ಬಿನಲ್ಲಿ ಕರಗುವಂಥದು. ಎಣ್ಣೆಯ ಜೊತೆ ತಿಂದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ.

ಅಜ್ಜ-ಅಜ್ಜಿಯರ ಗಮನಕ್ಕೆ

ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸುಮಾರು ಒಂದು ಚಿಕ್ಕ ಚಮಚ, ಅದೂ ಇಡೀ ದಿನದ ಎಲ್ಲ ಊಟ-ತಿಂಡಿ ಸೇರಿ. ಫೆಟಾ, ಆಲಿವ್ ಎರಡೂ ಉಪ್ಪುನೀರಿನಲ್ಲಿ ಮುಳುಗಿ ಬಂದವು. ರಕ್ತದೊತ್ತಡ ಇರುವವರು ಅವನ್ನು ತಣ್ಣೀರಿನಲ್ಲಿ ತೊಳೆದು, ಕಡಿಮೆ ಹಾಕಿಕೊಂಡು, ಬೇರೆ ಉಪ್ಪನ್ನು ಬಿಟ್ಟೇಬಿಡಿ. ಮೂತ್ರಪಿಂಡದ ತೊಂದರೆಗೆ ಪಥ್ಯದಲ್ಲಿ ಇರುವವರು ವೈದ್ಯರನ್ನು ಕೇಳಿ ತಿನ್ನಿ.

ಆಲಿವ್ ಕಾಯಿಯೊಳಗೆ ಗಟ್ಟಿ ಬೀಜವಿರಬಹುದು. ಪುಟ್ಟ ಮಕ್ಕಳಿಗೆ, ಕಟ್ಟಿಸಿದ ಹಲ್ಲಿನವರಿಗೆ ಬೀಜ ತೆಗೆದೇ ಕೊಡಿ. ದೊಡ್ಡ ಹೋಳು ಅಗಿಯಲು ಕಷ್ಟವಾದರೆ ಪಕ್ಕದ ಟರ್ಕಿಯ ದಾರಿ ಹಿಡಿಯಬಹುದು. ಅಲ್ಲಿನ ‘ಚೋಬಾನ್’ ಸಲಾಡ್, ಅಂದರೆ ಕುರಿಗಾಹಿಯ ಸಲಾಡ್‌ನಲ್ಲಿ ಹೆಚ್ಚುಕಡಿಮೆ ಇದೇ ತರಕಾರಿಗಳನ್ನು ಸಣ್ಣ ಚೂರು ಮಾಡಿ, ನಿಂಬೆರಸ, ಎಣ್ಣೆ ಹಾಕಿ ಕಲಸುತ್ತಾರೆ. ನಮ್ಮ ಕೋಸಂಬರಿಯ ಹದವೇ ಅದು.

ಮಾಡಿದ್ದನ್ನು ಆಗಲೇ ತಿಂದು ಮುಗಿಸಿ, ನಾಳೆಗೆ ಇಡಬೇಡಿ. ತರಕಾರಿ ಖಾಲಿಯಾದ ಮೇಲೆ ಬಟ್ಟಲಿನ ತಳದಲ್ಲಿ ಟೊಮೆಟೊ ರಸ, ಎಣ್ಣೆ, ಚೀಸ್ ಚೂರು ಬೆರೆತು ಉಳಿದಿರುತ್ತದೆ. ಗ್ರೀಸ್‌ನಲ್ಲಿ ಅದಕ್ಕೆ ಬ್ರೆಡ್ ಅದ್ದಿ ಅದ್ದಿ ತಿನ್ನುತ್ತಾರೆ. ನೀವು ಚಪಾತಿ ಅದ್ದಿ. ಆ ಕೊನೆಯ ತುತ್ತಿಗೆ ತಾತನಿಗೂ ಮೊಮ್ಮಗಳಿಗೂ ಜಗಳವಾದರೆ ಸಲಾಡ್ ಚೆನ್ನಾಗಿ ಬಂದಿದೆ ಎಂದೇ ಅರ್ಥ!