‘ಮೆಸೊಟ್ರಾನ್’ ಎಂಬ ಹಳೆಯ ಹೆಸರು

ಹಳೆಯ ವಿಜ್ಞಾನ ಗ್ರಂಥಗಳನ್ನು ತಿರುವುವ ವಾಚಕರಿಗೆ ‘ಮೆಸೊಟ್ರಾನ್’ ಎಂಬ ಪದವು ಎದುರಾಗುವುದುಂಟು. ಇಂದಿನ ಗ್ರಂಥಗಳಲ್ಲಿ ಅದು ಬಳಕೆಯಲ್ಲಿಲ್ಲ. ಆದರೆ ಆ ಹೆಸರು ಹೊತ್ತಿದ್ದ ಕಣವು ನಾವು ಇದನ್ನು ಬರೆಯುತ್ತಿರುವಾಗಲೂ ಆಕಾಶದಿಂದ ನಮ್ಮೆಲ್ಲರ ತಲೆಯ ಮೇಲೆ ಸುರಿಯುತ್ತಲೇ ಇದೆ.

ಪರಮಾಣುವಿನ ಬೀಜವನ್ನು ಬಿಗಿಹಿಡಿದಿಡುವ ಕಣವೊಂದಿರಬೇಕೆಂದೂ, ಅದರ ತೂಕ ಎಲೆಕ್ಟ್ರಾನಿನ ಸುಮಾರು ೨೦೦ ಪಟ್ಟು ಇರಬೇಕೆಂದೂ ಜಪಾನಿನ ಹಿದೆಕಿ ಯುಕಾವಾ ಅವರು ೧೯೩೫ರಲ್ಲಿ ಲೆಕ್ಕದಿಂದ ಊಹಿಸಿದರು. ಮರುವರ್ಷವೇ ಅಮೆರಿಕದ ಆಂಡರ್ಸನ್ ಮತ್ತು ನೆಡರ್‌ಮೇಯರ್ ಎಂಬವರಿಗೆ ವಿಶ್ವಕಿರಣಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ತೂಕದ ಕಣವು ಗೋಚರಿಸಿತು. ಎಲೆಕ್ಟ್ರಾನಿಗಿಂತ ಭಾರ, ಪ್ರೋಟಾನಿಗಿಂತ ಹಗುರ. ಆದುದರಿಂದ ‘ನಡುವಣ’ ಎಂಬರ್ಥದ ಗ್ರೀಕ್ ‘ಮೆಸೊ’ವನ್ನು ಹಿಡಿದು ‘ಮೆಸೊಟಾನ್’ ಎಂಬ ಹೆಸರನ್ನು ೧೯೩೮ರಲ್ಲಿ ಪತ್ರಿಕೆಗೆ ಬರೆದು ಕಳುಹಿದರು. ಪರಸ್ಥಳದಿಂದ ಮರಳಿದ ಹಿರಿಯ ವಿಜ್ಞಾನಿ ಮಿಲಿಕನ್ನರಿಗೆ ಅದು ಒಪ್ಪಿಗೆಯಾಗಲಿಲ್ಲ. ಎಲೆಕ್ಟ್ರಾನ್, ನ್ಯೂಟ್ರಾನುಗಳಂತೆ ‘ಟ್ರಾನ್’ ಎಂದೇ ಮುಗಿಯಬೇಕೆಂದರು. ಪ್ರೋಟಾನ್ ಹಾಗೆ ಮುಗಿಯದಲ್ಲ ಎಂಬ ಆಂಡರ್ಸನ್ನರ ವಾದ ನಡೆಯಲಿಲ್ಲ. ಕೊನೆಗೆ ಒಂದೇ ಒಂದು ಅಕ್ಷರವನ್ನು ತಂತಿಯ ಮೂಲಕ ಕಳುಹಬೇಕಾಯಿತು!

೧೯೩೯ರಲ್ಲಿ ನಮ್ಮ ಹೋಮಿ ಭಾಭಾ ಅವರು ಇದಕ್ಕೆ ಆಕ್ಷೇಪವೆತ್ತಿದರು. ಎಲೆಕ್ಟ್ರಾನ್, ನ್ಯೂಟ್ರಾನುಗಳಲ್ಲಿನ ‘ಟ್ರ’ ಆಯಾ ಮೂಲಶಬ್ದಕ್ಕೆ ಸೇರಿದ್ದು, ‘ಮೆಸೊ’ದಲ್ಲಿ ಅದಿಲ್ಲ, ‘ಮೆಸಾನ್’ ಎಂದರೆ ಸಾಕು. ವ್ಯಾಕರಣ ಪಂಡಿತರೂ ಮೆಚ್ಚುವಂಥ ಈ ತರ್ಕವೇ ಗೆದ್ದಿತು. ಯುದ್ಧಕಾಲದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದು ವಿಶ್ವಕಿರಣಗಳನ್ನು ಅಭ್ಯಸಿಸಿ, ೧೯೪೫ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಕಟ್ಟಿದವರೂ ಇವರೇ.

ಹೆಸರು ತಿದ್ದಿದ್ದಾಯಿತು; ಆದರೆ ಕಣವೇ ಬೇರೆಯದಾಗಿತ್ತು! ಅದು ಬೀಜದೊಡನೆ ಸಂಬಂಧವೇ ಇಲ್ಲದಂತೆ ವರ್ತಿಸುವುದನ್ನು ರೋಮಿನ ಮೂವರು ವಿಜ್ಞಾನಿಗಳು ೧೯೪೭ರಲ್ಲಿ ಪ್ರಕಟಿಸಿದರು. ಬೀಜವನ್ನು ಬಂಧಿಸಬೇಕಾದ ಕಣಕ್ಕೆ ಈ ಪರಕೀಯ ಭಾವವೇಕೆ? ಅದೇ ವರ್ಷ ಬ್ರಿಸ್ಟಲಿನಲ್ಲಿ ಪವೆಲ್ಲರ ತಂಡವು ಉತ್ತರವನ್ನು ಕಂಡಿತು. ಯುಕಾವಾ ಊಹಿಸಿದ್ದು ‘ಪೈ’ ಎಂಬ ಇನ್ನೊಂದು ಕಣ. ಅದು ಒಡೆದಾಗ ಹುಟ್ಟುವ ‘ಮ್ಯೂ’ ಕಣವೇ ಹಳೆಯ ಮೆಸೊಟ್ರಾನ್. ಬಹುಕಾಲ ಇದನ್ನೂ ‘ಮ್ಯೂ ಮೆಸಾನ್’ ಎಂದೇ ಕರೆದರು. ನಮ್ಮ ಹೋಟೆಲುಗಳಲ್ಲಿ ಮೊಮ್ಮಕ್ಕಳನ್ನು ಕಂಡವನೂ ‘ಮಾಣಿ’ಯೇ ಅಲ್ಲವೆ! ವಿಜ್ಞಾನಿಗಳು ನಮ್ಮಷ್ಟು ಉದಾಸೀನರಲ್ಲ. ಮೆಸಾನುಗಳ ಪಂಕ್ತಿಯಿಂದ ಅದನ್ನು ಎಬ್ಬಿಸಿ, ಎಲೆಕ್ಟ್ರಾನಿನ ಬಳಗಕ್ಕೆ ಸೇರಿಸಿ, ‘ಮ್ಯುವಾನ್’ ಎಂದರು.

ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಟಾಟಾ ಸಂಸ್ಥೆಯವರು ಈ ಮ್ಯುವಾನುಗಳನ್ನು ಎಣಿಸಿದರು. ನ್ಯೂಟ್ರಿನೊ ಎಂಬ ಕಣಗಳಿಂದ ಹುಟ್ಟಿದ ಮ್ಯುವಾನುಗಳು ಅಲ್ಲಿ ೧೯೬೫ರಲ್ಲಿ ಪತ್ತೆಯಾದವು. ಆ ಗಣಿಯು ೨೦೦೧ರಲ್ಲಿ ಮುಚ್ಚಿತು.